ಮೋಟಾರಿನೊಳಗಿನ ಅಕ್ಷರ

ಮುಖ್ಯೋಪಾಧ್ಯಾಯರಿಗೆ, ಈ ವರ್ಷ ಹತ್ತನೇ ತರಗತಿ ಮುಗಿಸಿದ ಗಾನವಿಯ ನಮಸ್ಕಾರಗಳು.

ಸರ್, ಬೆಳಿಗ್ಗೆಯಿಂದ ನಿಮ್ಮ ಕೋಣೆಯ ಬಾಗಿಲಿಗೆ ಮೂರು ಸಲ ಬಂದು ಹೋದೆ. ನೀವು ಮೀಟಿಂಗಿನಲ್ಲಿದ್ದಿರಿ. ಕೂತಲ್ಲಿ ಕೂರಲಾಗದೆ ವರಾಂಡದಲ್ಲಿ ನಿಂತೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ.

ಕೆಲಸ ಕಲಿಯಲು ಶಾಲೆಯೇ ನನ್ನನ್ನು ರಾಬರ್ಟ್‌ಸನ್‌ಪೇಟೆಯ ವೈಂಡಿಂಗ್ ಅಂಗಡಿಗೆ, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವಲ್ಲಿಗೆ, ಕಳಿಸಿತ್ತು. ಈಗ ಕೊಟ್ಟಿರುವ ಪ್ರಮಾಣಪತ್ರದಲ್ಲಿ ‘ಕೆಲಸ ವೀಕ್ಷಿಸಿದ್ದಾಳೆ’ ಎಂದಿದೆ. ಜೊತೆಗೆ ಬಂದಿದ್ದ ಹುಡುಗರ ಪತ್ರಗಳಲ್ಲಿ ‘ಕೆಲಸ ಮಾಡಿದ್ದಾನೆ’ ಎಂದಿದೆ. ಸೋಮವಾರ ಬಂಗಾರಪೇಟೆಯಲ್ಲಿ ಐಟಿಐ ಸಂದರ್ಶನ. ಅಷ್ಟರೊಳಗೆ ಆ ಒಂದು ಪದ ತಿದ್ದಿಕೊಡಬೇಕು.

ಗುಮಾಸ್ತರನ್ನು ಕೇಳಿದೆ. “ಎಣ್ಮಕ್ಕಳು ಅಲ್ಲಿ ಇನ್ನೇನ್ ಮಾಡ್ತಾರಮ್ಮ, ನೋಡ್ಕೊಂಡ್ ಬತ್ತಾರೆ” ಎಂದರು. ಅದಕ್ಕೇ ನೇರ ನಿಮ್ಮ ಬಾಗಿಲಿಗೆ ಬಂದೆ.

ಆ ಅಂಗಡಿಯಲ್ಲಿ ಒಂದು ಪದ್ಧತಿಯಿದೆ. ತಂತಿ ಸುತ್ತಿದವರು ಮೋಟಾರಿನ ಒಳಗೆ ತಮ್ಮ ಹೆಸರಿನ ಮೊದಲ ಅಕ್ಷರ ಬರೆಯಬೇಕು. “ಸುಟ್ಟು ವಾಪಸ್ ಬಂದ್ರೆ ಬರ್ದೋರೇ ಇನ್ನೊಂದ್ ಸಲ ಸುತ್ಬೇಕು, ಅಷ್ಟೇ” ಎನ್ನುತ್ತಾರೆ ಸೆಲ್ವರಾಜ್ ಮೇಸ್ತ್ರಿ. ನನ್ನದು ಇನ್ನೂ ಒಂದೂ ವಾಪಸ್ ಬಂದಿಲ್ಲ.

ಜನವರಿಯಲ್ಲಿ, ನಾನು ಅಲ್ಲಿದ್ದಾಗಲೇ, ಸುಟ್ಟುಹೋದ ನಮ್ಮ ಶಾಲೆಯ ನೀರಿನ ಮೋಟಾರನ್ನು ಜವಾನ ಕಾಂತರಾಜಣ್ಣ ತಂದದ್ದು ಅಲ್ಲಿಗೇ. ಅದರೊಳಗೆ ‘ಗಾ’ ಎಂದಿದೆ. ಅನುಮಾನವಿದ್ದರೆ ಬಿಚ್ಚಿಸಿ ನೋಡಿ. ಆದರೆ ಟ್ಯಾಂಕು ತುಂಬಿದ ಮೇಲೆ ಬಿಚ್ಚಿಸಿ ಸರ್, ಮಕ್ಕಳು ಊಟಕ್ಕೆ ಕೂರುವ ಹೊತ್ತಾಯಿತು.

ಬಾಗಿಲ ಹೊರಗೇ ಇರುವ,
ಎಸ್. ಗಾನವಿ