ಸುಣ್ಣಕ್ಕ ಸಮಪಾಲು ಬ್ಯಾಡ

ಮುಸ್ತಾಕ್,

ನಿನ್ನ ಹೆಂಡತೀನ ಕರಕೊಂಡು ರಾಣೆಬೆನ್ನೂರಿಗೆ ಹೊಂಟೇನಿ, ಸಂಜೀಕ ಬರ್ತೇವಿ. ನೀ ಮಲಗಿದ್ದಿ, ಎಬ್ಬಸಲಿಲ್ಲ.

ಅಂಗಳದಾಗ ಸುಣ್ಣದ ಚೀಲ ಎರಡು ಪಾಲು ಮಾಡಿ ಇಟ್ಟೀದಿ, ನಿನಗ ಅರ್ಧ, ತಮ್ಮ ಅಸ್ಲಮಗ ಅರ್ಧ. ಹಂಗ ಮಾಡಬ್ಯಾಡ. ಎರಡೂ ಹೊಲದ ಮಣ್ಣಿನ ಹುಳಿ ಪರೀಕ್ಷಾದಾಗ ಒಂದ ನಮೂನಿ ಬಂದೈತಿ, ಖರೇ. ಆದ್ರ ನಿಂದು ಜಿಗುಟು ಮಣ್ಣು, ಅದರ ಹುಳಿ ಇಳೀಬೇಕಂದ್ರ ಸುಣ್ಣ ಭಾಳ ಬೇಕು. ಅಸ್ಲಮಂದು ಉಸುಕು ಮಣ್ಣು, ಕಡಿಮಿ ಸಾಕು. ಹೆಚ್ಚಾದ್ರ ಮುಂದ ಅವಾ ಹಚ್ಚೂ ಮೆಣಸಿನ ಗಿಡ ಹಳದಿ ಆಗ್ತಾವ. ಕೃಷಿ ಆಫೀಸಿನ ಮೇಡಂ ಇದನ್ನ ಹೇಳುವಾಗ ನೀ ಮೊಬೈಲ್ ನೋಡಾಕತ್ತಿದ್ದಿ. ರಿಪೋರ್ಟಿನ ಕೆಳಗ ಎರಡಕ್ಕೂ ಎಷ್ಟೆಷ್ಟು ಸುಣ್ಣ ಅಂತ ಬ್ಯಾರೆ ಬ್ಯಾರೆ ಬರದಾರ, ನೋಡಿಕೋ.

ದೊಡ್ಡಾಂವ ಹೆಚ್ಚು ತಗೊಂಡ ಅಂತ ಮಂದಿ ಅಂದಾರು ಅಂತ ಹೆದರಬ್ಯಾಡ. ನಿಮ್ಮ ಅಬ್ಬಾ ಹೊಲ ಸಮ ಹಂಚಿದ್ರು. ಮಣ್ಣಿನ ಗುಣಾ ಸಮ ಮಾಡೂದು ಅವರ ಕೈಯಾಗ ಇರಲಿಲ್ಲ.

ಸುಣ್ಣ ಇವತ್ತ ಚೆಲ್ಲಿ, ಮಣ್ಣಾಗ ಬೆರಿಯೂಹಂಗ ಹರಗ್ರಿ. ಅದರ ಜೋಡಿ ಸಗಣಿ ಗೊಬ್ಬರ ಕೂಡಸಬ್ಯಾಡ್ರಿ, ಅದು ಆಮ್ಯಾಲೆ. ಮೂಗು ಬಾಯಿಗೆ ಬಟ್ಟಿ ಕಟ್ಟಿಕೋರಿ.

ಬುಟ್ಟ್ಯಾಗ ರೊಟ್ಟಿ ಅದಾವ. ಅಸ್ಲಮಗ ಎರಡು ಸಾಕು, ಉಳದದ್ದೆಲ್ಲಾ ನಿನಗ. ನೀ ಸಣ್ಣಾಂವ ಇದ್ದಾಗಿಂದ ಹಿಂಗ ಉಂಡೀದಿ. ಅಲ್ಲಿ ಒಂದ ದಿನಾನೂ ಸಮಪಾಲು ನೆನಪಾಗಿಲ್ಲಲ್ಲ ನಿನಗ.

ಅಮ್ಮಿ