ಕರೆಂಟ್ ಬಂದ ಮೇಲಿನ ಮೊದಲ ಚೀಟಿ

ಕಮಲಾಪುರ
ಮಂಗಳವಾರ, ೧೭ ಜೂನ್ ೨೦೦೩

ಅಣವೀರಪ್ಪನವರಿಗೆ ನೀಲಗಂಗಾಳ ಶರಣು.

ಹನ್ನೊಂದು ವರ್ಷದ ಸಂಸಾರದಲ್ಲಿ ನಿಮ್ಮ ಹೆಸರನ್ನು ಬಿಲ್ಲಿನ ಮೇಲೆ, ಕೊರಿಯರ್ ಲಕೋಟೆಯ ಮೇಲೆ ನೂರಾರು ಸಲ ಬರೆದಿದ್ದೇನೆ. ಕಾಗದದ ನೆತ್ತಿಗೆ ಬರೆಯುತ್ತಿರುವುದು ಇದೇ ಮೊದಲು. ನನ್ನ ದನಿ ಕೇಳಿದೊಡನೆ ನೀವು ಫೋನ್ ಇಟ್ಟುಬಿಡುತ್ತೀರಿ, ಅದಕ್ಕೇ ಈ ಕಾಗದ. ನಮ್ಮ ಆಫೀಸಿನ ಪಕ್ಕದ ಝೆರಾಕ್ಸ್ ಅಂಗಡಿಯ ದೇವೀಂದ್ರಪ್ಪಣ್ಣ ಇಲ್ಲಿಂದ ಒಂಬತ್ತರ ಬಸ್ಸಿಗೆ ಕಲಬುರಗಿಗೆ ಹೊರಟಿದ್ದಾನೆ. ನಿಮ್ಮ ಕೈಗೇ ಕೊಡುತ್ತಾನೆ. ಮಡಚಿ ಜೇಬಿಗಿಡಬೇಡಿ, ನಿಂತಲ್ಲೇ ಓದಿ.

ಮೊದಲು ಅವಸರದ ಮಾತು. ರಕ್ತನಿಧಿಗಳಿಗೆಂದು ನೀವು ಮಾಡಿದ ಪ್ರೋಗ್ರಾಮ್ ಇರುವ ಐದೂ ಆಸ್ಪತ್ರೆಗಳಿಗೆ ನಾನು ಗುರುವಾರವೇ ತಿಳಿಸಿದ್ದೆ: ರಕ್ತದ ಚೀಲಕ್ಕೆ ಹಚ್ಚುವ ಚೀಟಿಯನ್ನು ಕಂಪ್ಯೂಟರಿನಿಂದ ತೆಗೆಯಬೇಡಿ, ಕೈಯಿಂದ ಬರೆಯಿರಿ ಎಂದು. ನಾಲ್ಕು ಕಡೆಯವರು ಕೇಳಿದರು. ಬೀದರಿನವರೂ "ಆತ್ರಿ" ಅಂದಿದ್ದರು. ನಿನ್ನೆ ಮತ್ತೆ ವಿಚಾರಿಸಿದರೆ ಅವರು ಒಂದು ದಿನವೂ ನಿಲ್ಲಿಸಿಲ್ಲ! ಅಲ್ಲಿಯ ಇಮಾಮುದ್ದೀನ್ ಸಾಹೇಬರು, "ಮಾಲಕರು ಬರ್ದು ಕೊಡ್ಲಿ ಬಾಯಾರ. ನಿಮ್ಮ ಬಾಯಿಮಾತಿನ ಮ್ಯಾಲ ಹ್ಯಾಂಗ ನಿಲ್ಲಸೂದು?" ಎಂದರು. ಬೀದರಿನಲ್ಲಿ ಈಗ ದಿನಕ್ಕೆ ಎರಡು ಸಲ ಕರೆಂಟ್ ಹೋಗುತ್ತಿದೆಯಂತೆ. ಅಂದರೆ ದಿನಕ್ಕೆ ಎರಡು ಚೀಲಕ್ಕೆ ತಪ್ಪು ಚೀಟಿ. ನನ್ನ ಮೇಲಿನ ಸಿಟ್ಟು ಹಾಗೇ ಇರಲಿ. ಅವರಿಗೆ ಮಾತ್ರ ಈಗಲೇ ಫೋನ್ ಮಾಡಿ ನಿಲ್ಲಿಸಿ, ಆಮೇಲೆ ಮುಂದಿನದನ್ನು ಓದಿ.

ನಡೆದದ್ದನ್ನು ನನ್ನ ಬಾಯಿಂದ ನೀವು ಒಮ್ಮೆಯೂ ಪೂರ್ತಿ ಕೇಳಿಲ್ಲ.

ಏಪ್ರಿಲ್‌ನಲ್ಲಿ ಕಲಬುರಗಿಯ ರಕ್ತನಿಧಿಯ ದುಂಡಮ್ಮ ಫೋನ್ ಮಾಡಿದ್ದು ನಿಮಗೆ ನೆನಪಿದೆ. ಒಂದು ಚೀಲದ ಚೀಟಿಯ ಮೇಲೆ "ಓ" ಎಂದು ಅಚ್ಚಾಗಿತ್ತು. ರೋಗಿಯ ರಕ್ತದೊಂದಿಗೆ ಹೊಂದುತ್ತದೆಯೇ ಎಂದು ಪರೀಕ್ಷಿಸಿದಾಗ ಒಳಗಿದ್ದದ್ದು "ಬಿ" ಗುಂಪಿನದೆಂದು ಗೊತ್ತಾಯಿತು. ಲ್ಯಾಬಿನಲ್ಲಿ ಹದಿನೈದು ವರ್ಷ ಕೆಲಸ ಮಾಡಿದ ಹೆಂಗಸು, ಹಿಡಿದಳು. ನೀವು ಚೀಟಿ ಅಚ್ಚು ಮಾಡುವ ಭಾಗವನ್ನು ತೆರೆದು ಎರಡು ಸಲ ಓದಿದಿರಿ. ನಾನು ನಿಮ್ಮ ಕುರ್ಚಿಯ ಹಿಂದೆ ನಿಂತಿದ್ದೆ. "ಕೋಡ್ ಸರಿ ಅದ. ಆಕಿ ಕೈ ತಪ್ಪ್ಯಾಳ" ಎಂದಿರಿ. "ಬ್ಯಾರೆ ಭಾಗಾನೂ ಒಮ್ಮೆ ನೋಡ್ರಿ" ಎಂದೆ. "ನಾ ಬರದದ್ದು ನನಗ ಗೊತ್ತಿಲ್ಲೇನು?" ಎಂದು ನೀವು ಎದ್ದು ಚಹಾಕ್ಕೆ ಹೋದಿರಿ. ನಾನೂ ಅಲ್ಲಿಗೇ ಬಿಟ್ಟೆ.

ಮೇ ತಿಂಗಳಲ್ಲಿ ಅದೇ ತಪ್ಪು ಮತ್ತೆ ಆಯಿತು. ಈ ಸಲ ದುಂಡಮ್ಮ ನಿಮಗೆ ಹೇಳಲಿಲ್ಲ, ನನಗೆ ಹೇಳಿದಳು. ನಾನು ನಿಮಗೆ ಹೇಳಿದೆ, ಕೋಡನ್ನು ಸಲಾವುದ್ದೀನ್ ಸರ್ ಅವರಿಗೆ ತೋರಿಸೋಣ ಎಂದೂ ಹೇಳಿದೆ. ನೀವು ಕೈಯಲ್ಲಿದ್ದ ಪೇಪರನ್ನು ಮೇಜಿಗೆ ಬಡಿದಿರಿ. "ನನ್ನ ಹೊಲದಾಗ ಆ ಮನಶ್ಯಾನ ಎತ್ತು ಬಿಡಬೇಕೇನು?"

ಆ ಪೇಪರಿನಲ್ಲೇ ಪ್ರತಿ ಭಾನುವಾರ ಸರ್ ಬರೆಯುವ ಕಂಪ್ಯೂಟರ್ ಸುದ್ದಿಯ ಅಂಕಣವಿರುತ್ತದೆ. ಅದನ್ನು ಬೈಯುತ್ತಲೇ ಮೊದಲು ಓದುವವರು ನೀವು. ಲಿನಕ್ಸ್ ಬಗ್ಗೆ, ಕೋಡನ್ನು ಎಲ್ಲರಿಗೂ ತೆರೆದಿಡುವವರ ಬಗ್ಗೆ ಅವರು ಬರೆದಾಗಲೆಲ್ಲ ನೀವು ಉತ್ತರ ಬರೆದಿದ್ದೀರಿ, ನಾನು ಟೈಪ್ ಮಾಡಿದ್ದೇನೆ. "ಬಾವಿಗೆ ಮುಚ್ಚಳ ಹಾಕಿದರೆ ನೀರು ಶುದ್ಧವಾಗುವುದಿಲ್ಲ, ಒಳಗೇನು ಬಿದ್ದಿದೆ ಎಂಬುದು ಕಾಣುವುದಿಲ್ಲ, ಅಷ್ಟೇ" ಎಂದು ಅವರು ಬರೆದಿದ್ದರು. "ಮುಚ್ಚಳವಿಲ್ಲದ ಬಾವಿಯಲ್ಲಿ ಕೂಸುಗಳು ಬೀಳುತ್ತವೆ" ಎಂದು ನೀವು ಬರೆದಿರಿ. ಅದು ಅಚ್ಚಾದ ದಿನ ಇಬ್ಬರೂ ಎಷ್ಟು ನಕ್ಕಿದ್ದೆವು!

ನಿಮ್ಮ ಮಾತಿಗೂ ಬೆಲೆಯಿದೆ, ಇಲ್ಲವೆನ್ನುವುದಿಲ್ಲ. ೯೮ರಲ್ಲಿ ನೀವು ಔಷಧ ಅಂಗಡಿಗಳಿಗೆ ಬರೆದ ಪ್ರೋಗ್ರಾಮನ್ನು ಒಬ್ಬಾತ ನಕಲು ಮಾಡಿ, ನಿಮ್ಮ ಹೆಸರು ಅಳಿಸಿ ತನ್ನ ಹೆಸರು ಕೂರಿಸಿ, ಸೇಡಂನಿಂದ ಯಾದಗಿರಿವರೆಗೆ ಹಂಚಿದ. ಅಂದು ನೀವು ಊಟ ಮಾಡಲಿಲ್ಲ. ಮರುದಿನದಿಂದ ಕೋಡಿಗೆ ಬೀಗ ಬಿತ್ತು. ಆದರೆ ಮದುವೆಯಾದ ಹೊಸದರಲ್ಲಿ ನೀವು ನನಗೆ ಪ್ರೋಗ್ರಾಮ್ ಬರೆಯಲು ಕಲಿಸಿದ್ದು ಯಾವುದರಿಂದ? ಆ ಹಾವಿನ ಆಟದಿಂದ. ೮೭ರ ಬೇಸಿಗೆಯಲ್ಲಿ ಹೈದರಾಬಾದಿನ ಸೋದರಮಾವನ ಮನೆಯಲ್ಲಿ, ಟಿವಿಗೆ ಜೋಡಿಸುವ ಪುಟ್ಟ ಕಂಪ್ಯೂಟರಿನ ಮೇಲೆ, ಪತ್ರಿಕೆಯಲ್ಲಿ ಅಚ್ಚಾದ ಆಟವನ್ನು ಸಾಲು ಸಾಲಾಗಿ ನೋಡಿ ಟೈಪ್ ಮಾಡಿದವರು ನೀವು. ಈಗಲೂ ಊಟವಾದ ಮೇಲೆ ಅದನ್ನೇ ಆಡುತ್ತೀರಿ, ಇಂದಿನ ಬಣ್ಣದ ಆಟಗಳಿಗೆ "ಬರೇ ಡೌಲು" ಎನ್ನುತ್ತೀರಿ. ಅದನ್ನು ಬರೆದವನು ಯಾವ ಊರಿನವನೋ, ಒಂದೊಂದು ಸಾಲನ್ನೂ ಬಿಚ್ಚಿಟ್ಟಿದ್ದನಲ್ಲ. ಹಾವು ಗೋಡೆಗೆ ಬಡಿದು ಸಾಯುವ ಬದಲು ಎದುರಿನ ಗೋಡೆಯಿಂದ ಹೊರಬರುವಂತೆ ನಾನು ನಾಲ್ಕು ಸಾಲು ತಿದ್ದಿದಾಗ, ನೀವು ಓಣಿಗೆಲ್ಲ ಕೇಳುವಂತೆ ನಕ್ಕಿರಿ. ಮುಚ್ಚಿಟ್ಟಿದ್ದರೆ ನಾನು ಏನನ್ನು ತಿದ್ದುತ್ತಿದ್ದೆ?

ಇಷ್ಟೆಲ್ಲ ಹೇಳಿದರೂ ನಾನು ಮಾಡಿದ್ದು ಕಳವೇ. ಜೂನ್ ಒಂಬತ್ತರಂದು, ನೀವು ರಾಯಚೂರಿಗೆ ಹೋದಾಗ, ಕೋಡನ್ನು ಮೂರು ಫ್ಲಾಪಿಗಳಿಗೆ ಇಳಿಸಿಕೊಂಡು ಕಮಲಾಪುರಕ್ಕೆ ತಂದು ಸರ್ ಅವರಿಗೆ ಕೊಟ್ಟೆ. ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುವುದನ್ನು ಬಿಟ್ಟ ಮೇಲೆ ಅವರು ಇಲ್ಲೇ, ನನ್ನ ತವರಿನ ಹಿಂದಿನ ಓಣಿಯಲ್ಲಿದ್ದಾರೆ. "ಅಣವೀರಪ್ಪಗ ಹೇಳೀಯೇನು?" ಎಂದು ಕೇಳಿದರು. "ಹೇಳೀನ್ರಿ" ಎಂದು ಸುಳ್ಳು ಹೇಳಿದೆ.

ಅವರು ಎಲ್ಲವನ್ನೂ ಕಾಗದಕ್ಕೆ ಇಳಿಸಿ, ಮೂರು ದಿನ ಪೆನ್ಸಿಲ್ ಹಿಡಿದು ಓದಿದ್ದಾರೆ. ಗುರುವಾರ ನಾನು ಹೋದಾಗ ಉದ್ದನೆಯ ಕಾಗದ ಚಾಪೆಯ ಮೇಲೆ ಹರಡಿತ್ತು.

"ಕೂಡು ಬೇಟಿ" ಎಂದರು. "ದಾಖಲೆ ತುಂಬೂ ಮುಂದ ಕರೆಂಟ್ ಹೋತಂದ್ರ, ಬಂದ ಮ್ಯಾಲ ಇದು ಅರ್ಧಾ ಉಳಿದದ್ದು ಮತ್ತ ಎಬ್ಬಸ್ತದ. ಚೀಲದ ನಂಬರ್ ಹೊಸಾದು ತರ್ತದ. ರಕ್ತದ ಗುಂಪು ಮಾತ್ರ ಹಿಂದಿನ ಚೀಲದ್ದೇ ಉಳೀತದ. ಒಂದೇ ಚೀಟಿ. ಕರೆಂಟ್ ಬಂದ ಮ್ಯಾಲಿನ ಮೊದಲ್ನೇ ಚೀಟಿ."

ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ಇವತ್ತ ಕಲಬುರ್ಗ್ಯಾಗ ಕರೆಂಟ್ ಹೋಗಿತ್ತೇನು?"

ಹೋಗಿತ್ತು. ಹನ್ನೊಂದಕ್ಕೆ ನಾನು ಬಸ್ ಹತ್ತುವಾಗ ಬಸ್ ಸ್ಟ್ಯಾಂಡಿನ ಫ್ಯಾನುಗಳು ನಿಂತಿದ್ದವು. ಹಿಂದಿನ ದಿನ ರಕ್ತದಾನ ಶಿಬಿರ ನಡೆದಿತ್ತು; ದುಂಡಮ್ಮ ಅಂದು ಬೆಳಿಗ್ಗೆಯಿಂದ ಚೀಟಿ ತೆಗೆಯುತ್ತ ಕುಳಿತಿದ್ದಳು.

ಎಸ್‌ಟಿಡಿ ಬೂತಿಗೆ ಓಡಿದೆ. ಒಳಗೆ ಒಬ್ಬರು ತಮ್ಮ ಮಗಳ ಸೀರೆಯ ಬಣ್ಣದ ಬಗ್ಗೆ ಮಾತಾಡುತ್ತಿದ್ದರು. ಗಾಜು ಬಡಿದು ಹೊರಗೆ ಕರೆದೆ. ರಕ್ತನಿಧಿಯ ಫೋನ್ ಮೂರು ಸಲ ಎಂಗೇಜ್. ನಮ್ಮ ಆಫೀಸಿನಿಂದ ಅಲ್ಲಿಗೆ ಹತ್ತು ನಿಮಿಷದ ದಾರಿ, ನೀವು ಓಡಿದರೆ ಐದು. ಅದಕ್ಕೇ ನಿಮಗೆ ಫೋನ್ ಹಚ್ಚಿದೆ. ಚೀಟಿ ತಪ್ಪು ಬರುವುದು ಯಾವಾಗ ಎಂದು ಎರಡು ಮಾತಿನಲ್ಲಿ ಹೇಳಿದೆ, ಸಲಾವುದ್ದೀನ್ ಸರ್ ಕಂಡುಹಿಡಿದರೆಂದೂ ಹೇಳಿದೆ.

ನೀವು ಕೇಳಿದ್ದು ಒಂದೇ. "ಕೋಡ್ ಅವನ ಕೈಗಿ ಕೊಟ್ಟೇನು?" ಆಮೇಲೆ ಫೋನ್ ಇಟ್ಟಿರಿ.

ಯಾವ ಚೀಲ ಎಂದು ನೀವು ಕೇಳಲಿಲ್ಲ, ಯಾರಿಗೆ ಎಂದೂ ಕೇಳಲಿಲ್ಲ. ಆ ಗಾಜಿನ ಡಬ್ಬಿಯೊಳಗೆ ನಿಂತು, ನನ್ನ ಕೈಯಲ್ಲಿದ್ದ ಸತ್ತ ಫೋನನ್ನು ನೋಡುತ್ತ, ಈ ಮನುಷ್ಯನ ಜೊತೆ ಇನ್ನು ಬಾಳುವುದಿಲ್ಲ ಎಂದುಕೊಂಡೆ. ನಿಜ ಹೇಳುತ್ತಿದ್ದೇನೆ.

ಐದನೆಯ ಸಲಕ್ಕೆ ದುಂಡಮ್ಮ ಸಿಕ್ಕಳು. ನನ್ನ ಮಾತು ಮುಗಿಯುವ ಮೊದಲೇ ಅವಳು ಕೂಗಿಕೊಂಡಳು. "ಅಕ್ಕಾ, ಆ ಚೀಲ ಈಗ ಹೋತು. ತಾಜಸುಲ್ತಾನಪುರದ ಅನ್ನಮ್ಮ ಅಂತ, ಹಡದ ಮ್ಯಾಲ ರಕ್ತ ನಿಲ್ಲವಲ್ದು. ಅವಸರ ಅಂತ ಹೊಂದಿಸಿ ನೋಡ್ಲಾರದೇ ಒಯ್ದಾರ." ಫೋನನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಓಡಿದಳು. ನನಗೆ ಕೇಳುತ್ತಿದ್ದುದು ಫ್ರಿಜ್ಜಿನ ಗುಂಯ್ ಸದ್ದು, ದೂರದಲ್ಲಿ ಯಾರೋ ಮಗುವನ್ನು ರಮಿಸುವ ಸದ್ದು. ಎಷ್ಟು ಹೊತ್ತೋ ತಿಳಿಯದು. ದೇವರ ಹೆಸರು ನೆನಪಾಗಲಿಲ್ಲ. ಹೊರಗೆ ಕಾದವರು ಗಾಜು ಬಡಿಯುತ್ತಿದ್ದರು.

ಅವಳು ಬಂದಾಗ ಅಳುತ್ತಿದ್ದಳು. "ಸೂಜಿ ಚುಚ್ಚಿದ್ರು ಅಕ್ಕಾ. ರಕ್ತ ಇನ್ನೂ ನಳಿಗಿ ಬಿಟ್ಟಿರಲಿಲ್ಲ."

ಅನ್ನಮ್ಮ ಬದುಕಿದ್ದಾಳೆ. ಹೆಣ್ಣು ಕೂಸು.

ಸಂಜೆ ಕಲಬುರಗಿಗೆ ಬಂದೆ. ನೀವು ಗೋಡೆಗೆ ಮುಖ ಮಾಡಿ ಕುಳಿತಿದ್ದಿರಿ. "ಆ ಫ್ಲಾಪಿ ನನ್ನ ಕೈಗಿ ಬರೂತನಾ ಈ ಮನಿಗಿ ಬರಬ್ಯಾಡ" ಎಂದಿರಿ. ನಾನೂ ಸುಮ್ಮನಿರಲಿಲ್ಲ, ಹೆಣದ ಮೇಲಾದರೂ ನಿಮ್ಮ ಬೀಗ ಭದ್ರವಾಗಿರಬೇಕಲ್ಲ ಎಂದೆ. ಆ ಮಾತಿಗೆ ನೀವು ತಿರುಗಿ ನೋಡಿದ ನೋಟ ಇನ್ನೂ ಕಣ್ಣಿಂದ ಹೋಗಿಲ್ಲ. ಎರಡು ಸೀರೆ ತುಂಬಿಕೊಂಡು ತವರಿಗೆ ಬಂದುಬಿಟ್ಟೆ. ಅವ್ವ ಏನೂ ಕೇಳಿಲ್ಲ. ಮೂರು ಹೊತ್ತು ಬಿಸಿ ರೊಟ್ಟಿ ಬಡಿದು ಹಾಕುತ್ತಾಳೆ. ಅದೇ ಅವಳ ಪ್ರಶ್ನೆ.

ಶನಿವಾರ ಅನ್ನಮ್ಮನನ್ನು ನೋಡಲು ಹೋಗಿದ್ದೆ. ನಾನು ಯಾರೆಂದು ಅವಳಿಗೆ ಹೇಳಲಿಲ್ಲ. ಕೂಸನ್ನು ಎತ್ತಿಕೊಟ್ಟಳು, ಎತ್ತಿಕೊಳ್ಳಲು ಕೈ ಬರಲಿಲ್ಲ. ಹೊರಗೆ ದುಂಡಮ್ಮ ಹೇಳಿದಳು. ಗುರುವಾರ ತಾನು ವಾರ್ಡಿನಿಂದ ಚೀಲ ಹಿಡಿದು ಬರುವಾಗ ಮೆಟ್ಟಿಲ ಮೇಲೆ ನೀವು ಎದುರಾದಿರಂತೆ. ಕಾಲಲ್ಲಿ ಚಪ್ಪಲಿ ಇರಲಿಲ್ಲವಂತೆ, ಮಾತಾಡಲು ಉಸಿರು ಇರಲಿಲ್ಲವಂತೆ. ಅವಳ ಕೈಯಲ್ಲಿದ್ದ ಚೀಲ ನೋಡಿ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕುಳಿತಿರಂತೆ.

ನೀವು ಫೋನ್ ಇಟ್ಟದ್ದು ಓಡುವುದಕ್ಕೆ! ಸಂಜೆ ನಾನು ಅಷ್ಟು ಕೆಟ್ಟ ಮಾತಾಡಿದಾಗ ಇದನ್ನು ಯಾಕೆ ಹೇಳಲಿಲ್ಲ? ನಾನು ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಕ್ಷಮಿಸಿ ಎಂದು ಬರೆಯುವುದು ಸುಲಭ, ಆದರೂ ಬರೆಯುತ್ತಿದ್ದೇನೆ.

ಇನ್ನು ಸಲಾವುದ್ದೀನ್ ಸರ್ ವಿಷಯ. ನಿಮ್ಮನ್ನು ಕೇಳದೆ ನಾನು ಕೋಡ್ ತಂದದ್ದು ಎಂದು ಆಮೇಲೆ ಹೇಳಿದೆ. ಅವರಿಗೆ ನನ್ನ ಮೇಲೆ ಬಹಳ ಸಿಟ್ಟು ಬಂತು. ಫ್ಲಾಪಿಗಳನ್ನೂ ಅಚ್ಚು ಮಾಡಿದ ಕಾಗದವನ್ನೂ ಕಟ್ಟಿ ಕೊಟ್ಟಿದ್ದಾರೆ. ಕಟ್ಟು ಈ ಕಾಗದದ ಜೊತೆಯಲ್ಲೇ ಇದೆ. ಒಂದು ಸಾಲೂ ಇಟ್ಟುಕೊಂಡಿಲ್ಲ. ತಿದ್ದುಪಡಿ ಮೂರೇ ಸಾಲು, ಪೆನ್ಸಿಲಿನಿಂದ ಬರೆದಿದ್ದಾರೆ. ಆದರೆ ಈ ತಪ್ಪಿನ ಬಗ್ಗೆ ಭಾನುವಾರ ಅಂಕಣದಲ್ಲಿ ಬರೆಯದೇ ಇರಲು ಆಗುವುದಿಲ್ಲ ಎನ್ನುತ್ತಾರೆ. "ಅಣವೀರಪ್ಪನೇ ಬರದು ಕೊಟ್ರ ಇನ್ನೂ ಚೊಲೊ. ಅವನ ಮಾತೇ ಹಾಕ್ತೀನಿ" ಎಂದಿದ್ದಾರೆ. ಬರೆದು ಕೊಡಿ. ಈ ಪ್ರೋಗ್ರಾಮ್ ಒಂದನ್ನಾದರೂ ಬೀಗ ತೆಗೆದು, ನಿಮ್ಮ ಹೆಸರಿನಲ್ಲೇ, ಐದೂ ಆಸ್ಪತ್ರೆಗಳಿಗೆ ಕೋಡ್ ಸಮೇತ ಕೊಡಿ. ನಕಲು ಮಾಡುವವರು ಮಾಡಲಿ. ರಕ್ತದ ವಿಷಯದಲ್ಲಿ ನಾಲ್ಕು ಕಣ್ಣು ಹೆಚ್ಚು ನೋಡುವುದು ಒಳ್ಳೆಯದು.

ಬಾ ಎನ್ನಿ ಎಂದು ಕೇಳುತ್ತಿಲ್ಲ. ಕೆಳಗಿನದನ್ನೂ ಓದಿದ ಮೇಲೆ ನೀವೇ ಯೋಚಿಸಿ.

ನಿಮ್ಮ
ನೀಲಗಂಗಾ

ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಉಳಿಸಿಕೊಂಡದ್ದು:

ಕರೆಂಟ್ ಬಂದ ಮೇಲೆ ದಾಖಲೆಯನ್ನು ಎಬ್ಬಿಸುವ ಆ ನಲವತ್ತು ಸಾಲು ನಿಮ್ಮವಲ್ಲ, ನನ್ನವು. ಹೋದ ವರ್ಷ ನವೆಂಬರಿನಲ್ಲಿ ನೀವು ಜ್ವರದಿಂದ ಮಲಗಿದ್ದಾಗ ಆಸ್ಪತ್ರೆಯವರು ಅವಸರ ಮಾಡಿದರು. ನಾನೇ ಬರೆದು ಸೇರಿಸಿದೆ. ನಿಮ್ಮ ಹಳೆಯ ಸಾಲುಗಳನ್ನು ಅಳಿಸಿದೆ. ಹೇಳಿದರೆ ಬೈಯುತ್ತೀರೆಂದು ಹೇಳಲಿಲ್ಲ. ಏಪ್ರಿಲ್‌ನಲ್ಲಿ ದುಂಡಮ್ಮನ ಫೋನ್ ಬಂದ ಕ್ಷಣವೇ ನನಗೆ ಆ ಸಾಲುಗಳು ನೆನಪಾಗಿದ್ದವು. ನೀವಾಗಿ ಆ ಭಾಗ ತೆರೆದು ನೋಡಲಿ, ನೀವಾಗಿ ಕಂಡುಹಿಡಿಯಲಿ ಎಂದು ಕಾದೆ. ಬೇರೆ ಯಾರಾದರೂ ಹಿಡಿಯಲಿ ಎಂದು ಫ್ಲಾಪಿ ಒಯ್ದೆ. ಎರಡು ತಿಂಗಳು ಬಾಯಿ ಬಿಡಲಿಲ್ಲ. "ಇಷ್ಟು ಸಾಲು ಬ್ಯಾರೆ ಕೈ ಬರದಂಗ ಕಾಣ್ತದ" ಎಂದು ಸರ್ ಅಂದಾಗಲೂ ತಲೆ ತಗ್ಗಿಸಿ ಕುಳಿತೆ. ನಿಮ್ಮ ಕೋಡ್ ಸರಿಯಿತ್ತು. ನೀವು ಹೇಳಿದ್ದು ನಿಜ.

ಇಂದು ಬೆಳಿಗ್ಗೆ ಸರ್ ಮನೆಗೆ ಹೋಗಿ ಎಲ್ಲ ಹೇಳಿ ಬಂದಿದ್ದೇನೆ. ಭಾನುವಾರ ಯಾರ ಹೆಸರನ್ನಾದರೂ ಹಾಕುವುದಿದ್ದರೆ ನನ್ನದೇ ಹಾಕುತ್ತಾರೆ.

ನೀವು ಇದನ್ನು ಓದುವ ಹೊತ್ತಿಗೆ ನಾನು ಬೀದರಿನ ದಾರಿಯಲ್ಲಿ ಹುಮನಾಬಾದ್ ದಾಟಿರುತ್ತೇನೆ. ಇಮಾಮುದ್ದೀನ್ ಸಾಹೇಬರು ಮಾಲಕರ ಕಾಗದ ಬೇಕೆಂದರಲ್ಲ. ತಪ್ಪು ಬರೆದವಳೇ ಹೋಗಿ, ಆ ಕಂಪ್ಯೂಟರಿನ ಮುಂದೆ ನಿಂತು ಹೇಳಿದರೆ ನಂಬದೇ ಏನು ಮಾಡುತ್ತಾರೆ?