ಗೊತ್ತಿಲ್ಲದ ನಂಬರ್

ಫೆಬ್ರವರಿ 1, ಭಾನುವಾರ

ಮತ್ತೆ ಕರ್ಕ್‌ಲ್ಯಾಂಡ್. ಮತ್ತೆ ನಾಲ್ಕು ರೊಟ್ಟಿ. ಎರಡು ಸಾಕು ಅಂದರೆ ಶಾಂತವ್ವ ಆಯಿ ಕೇಳುವ ಪೈಕಿಯವರೇ ಅಲ್ಲ. ಬರುವಾಗ ಶೇಂಗಾ ಚಟ್ನಿಯ ಡಬ್ಬಿ ಬೇರೆ. 255 ನಂಬರ್ ಬಸ್ಸಿನ ತುಂಬಾ ಬೆಳ್ಳುಳ್ಳಿ ವಾಸನೆ. ಪಕ್ಕದಲ್ಲಿದ್ದವನು ಎದ್ದು ಹಿಂದೆ ಹೋಗಿ ಕೂತ. ಹೋಗಲಿ, ಕಾಲು ಚಾಚಲು ಜಾಗವಾಯಿತು.

ಆಯಿ ನನ್ನ ಸ್ವಂತ ಅಜ್ಜಿಯಲ್ಲ ಅಂದರೆ ರೂಮ್‌ಮೇಟ್ ಮಧುರಾ ನಂಬುವುದಿಲ್ಲ. ಅವರು ರೋಣದವರು, ನಾನು ಗದಗದವಳು. ಈ ಪರದೇಶಕ್ಕೆ ಓದಲು ಬಂದು, ಅವರ ಮಗ ಪ್ರಶಾಂತಣ್ಣನ ಮನೆಗೆ ಮೊದಲ ಸಲ ಊಟಕ್ಕೆ ಹೋದ ದಿನವೇ ಮೊಮ್ಮಗಳಾಗಿಬಿಟ್ಟೆ. ಅಷ್ಟೇ ಸಂಬಂಧ.

ಇವತ್ತು ಹಿಟ್ಟು ಬಡಿಯುತ್ತಾ ಕೇಳಿದರು — "ಡಾಕ್ಟರವ್ವಾ, ದೀಪಾವಳಿ ಮುಂದ ಆ ಮಷಿನ್ದಾಗ ಎದಿ ಇಟ್ಟು ಒತ್ತಿದ್ರು ನೋಡು, ಜೀವಾನ ಹೋತು. ಆಮ್ಯಾಲೆ ಕಾಗದ ಹಾಕಿ ಇನ್ನೊಮ್ಮಿ ಕರದು ಒತ್ತಿದ್ರು. ಅವತ್ತಿಂದ ಒಂದು ಫೋನಿಲ್ಲ, ಏನಿಲ್ಲ. ಚೊಲೊ ಐತಿ ಅಂತನ ಹೌದಿಲ್ಲೊ?"

"ಏನರೆ ಇದ್ರ ಅವರ ಫೋನ್ ಮಾಡ್ತಾರ ಆಯಿ. ಮಾಡಿಲ್ಲಂದ್ರ ಆರಾಮ ಇದ್ದೀರಿ ಅಂತ ತಿಳ್ಕೋರಿ."

ಆಯಿಗೆ ಸಮಾಧಾನ. ನನಗೆ ಐದನೆಯ ರೊಟ್ಟಿ.

ಫೆಬ್ರವರಿ 5, ಗುರುವಾರ

ಮೂರು ವರ್ಷ ಡಾಕ್ಟರಿಕೆ ಓದಿ ಆಯಿತು. ಈ ವರ್ಷ ಪೂರ್ತಿ ಬಿಸಿನೆಸ್. ಮುಂದಿನ ವರ್ಷ ಮತ್ತೆ ಆಸ್ಪತ್ರೆ. ಐದು ವರ್ಷಕ್ಕೆ ಎರಡು ಡಿಗ್ರಿ. ಅಪ್ಪ ಎಲ್ಲರಿಗೂ "ಎರಡೆರಡು" ಅನ್ನುತ್ತಾರೆ, ಅವಳಿ ಮಕ್ಕಳು ಹುಟ್ಟಿದ ಹಾಗೆ. ಬಿಳಿ ಕೋಟು ಬೀರುವಿನಲ್ಲಿದೆ. ಜನರನ್ನು ಮುಟ್ಟಿ ಎಂಟು ತಿಂಗಳಾಯಿತು. ಈಗ ಬರೀ ಸಾಲು, ಕಾಲಂ, ಗ್ರಾಫ್.

ಪ್ರಾಜೆಕ್ಟ್ ಕೊಟ್ಟಿರುವುದು ಈ ಕಡೆಯ ಹನ್ನೆರಡು ಕ್ಲಿನಿಕ್‌ಗಳ ಒಂದು ಸಂಸ್ಥೆ. ಅಲ್ಲಿ ದಿನದ ಆಡಳಿತ ನೋಡುವ ಆಪರೇಷನ್ಸ್ ಹೆಡ್ ಡಯಾನ್ ನನ್ನ ಮೇಲಿನವಳು. ಸಮಸ್ಯೆ ಇಷ್ಟೇ — ಅಪಾಯಿಂಟ್‌ಮೆಂಟ್ ತಗೊಂಡವರು ಬರುವುದಿಲ್ಲ, ಡಾಕ್ಟರ್ ಸುಮ್ಮನೆ ಕೂತಿರುತ್ತಾರೆ, ಬೇಕಾದವರಿಗೆ ಜಾಗ ಸಿಗುವುದಿಲ್ಲ. ಅದಕ್ಕೆ ನವೆಂಬರಿನಲ್ಲಿ ನಾನೊಂದು ನಿಯಮ ಬರೆದೆ. ಮೂರು ದಿನ ಮುಂಚೆ ಕಂಪ್ಯೂಟರ್ ಫೋನ್ ಮಾಡುತ್ತದೆ. ಬರುವವರು ಒಂದನ್ನು ಒತ್ತಬೇಕು. ಒತ್ತದಿದ್ದರೆ ಆ ಹೊತ್ತಿನ ಸ್ಲಾಟ್ ಬೇರೆಯವರಿಗೆ. ಎರಡು ಸಲ ಹೀಗಾದರೆ ಹೆಸರು ಪಟ್ಟಿಯಿಂದ ಆಚೆ. ಮತ್ತೆ ಫೋನಿಲ್ಲ. ಸದ್ಯಕ್ಕೆ ಇಂಗ್ಲಿಷ್, ಸ್ಪ್ಯಾನಿಷ್ ಮಾತ್ರ. ಉಳಿದ ಭಾಷೆಗಳು ಎರಡನೇ ಹಂತದಲ್ಲಿ.

ನೂರಕ್ಕೆ ಎಂಬತ್ತೊಂದು ತುಂಬುತ್ತಿದ್ದ ಸ್ಲಾಟ್‌ಗಳು ಈಗ ತೊಂಬತ್ತಮೂರು. ಡಯಾನ್ ಇಮೇಲಿನಲ್ಲಿ ಮೂರು ಆಶ್ಚರ್ಯಸೂಚಕ ಹಾಕಿದ್ದಾಳೆ.

ಫೆಬ್ರವರಿ 19

ಏಪ್ರಿಲ್ 9ಕ್ಕೆ ಸಂಸ್ಥೆಯ ಬೋರ್ಡಿನ ಮುಂದೆ ಪ್ರೆಸೆಂಟೇಷನ್. ಸೌತ್ ಲೇಕ್ ಯೂನಿಯನ್ ಬಡಾವಣೆಯ ಅವರ ಆಫೀಸಿನಲ್ಲಿ, ಹದಿನಾಲ್ಕನೇ ಮಹಡಿ. ನನ್ನ ಹೆಸರು ಮೊದಲ ಸ್ಲೈಡಿನಲ್ಲಿ! ಮಧುರಾಗೆ ಹೇಳಿದೆ. "ಪಾರ್ಟಿ ಕೊಡ್ಸೇ ಜಿಪುಣಿ" ಅಂದಳು. ಕೊಡಿಸಿದೆ.

ಮಾರ್ಚ್ 3, ಮಂಗಳವಾರ. ಮಧ್ಯಾಹ್ನ 2:15

ಲೈಬ್ರರಿ. ಕನ್ನಡದಲ್ಲಿ ಬರೆದರೆ ಇಲ್ಲಿ ಯಾರೂ ಓದಲಾರರು. ಬರೆಯುತ್ತೇನೆ.

ಸ್ಲೈಡಿಗೆ ಬೇಕು ಅಂತ, ಪಟ್ಟಿಯಿಂದ ಆಚೆ ಹೋದವರ ಫೈಲ್ ತೆರೆದೆ. ಹೆಸರಿಲ್ಲ, ಹುಟ್ಟಿದ ದಿನಾಂಕವಿಲ್ಲ. ಎಲ್ಲ ತೆಗೆದೇ ನಮಗೆ ಕೊಡುತ್ತಾರೆ. ವಯಸ್ಸು, ಪಿನ್‌ಕೋಡ್, ಭಾಷೆ, ಯಾವುದಕ್ಕೆ ಅಪಾಯಿಂಟ್‌ಮೆಂಟ್, ಅಷ್ಟೇ. ಭಾಷೆಯ ಕಾಲಂ ಅಕ್ಷರಮಾಲೆಯ ಪ್ರಕಾರ ಜೋಡಿಸಿದೆ. ಒಂದೂವರೆ ಸಾವಿರ ಸಾಲುಗಳಲ್ಲಿ ಒಂದೇ ಒಂದು ಕನ್ನಡ. ಅಯ್ಯೋ ನಮ್ಮವರು ಯಾರಪ್ಪಾ ಅಂತ ಖುಷಿಯಾಯಿತು. ನಿಜವಾಗಿ ಖುಷಿಯಾಯಿತು.

ಹೆಣ್ಣು. 72. ಬೆಲ್ವ್ಯೂ ಪಿನ್‌ಕೋಡ್. ಮ್ಯಾಮೊಗ್ರಾಂ, ಸ್ತನ ಒತ್ತಿ ತೆಗೆಯುವ ಎಕ್ಸ್‌ರೇ, ಅಕ್ಟೋಬರ್. ಎರಡನೆಯದು ನವೆಂಬರ್. ಬಯಾಪ್ಸಿ, ಗಂಟಿನ ಚೂರು ತೆಗೆದು ಕ್ಯಾನ್ಸರ್ ಇದೆಯಾ ನೋಡುವುದು — ಜನವರಿ 14, ಸ್ಲಾಟ್ ಬೇರೆಯವರಿಗೆ. ಬಯಾಪ್ಸಿ — ಫೆಬ್ರವರಿ 11, ಸ್ಲಾಟ್ ಬೇರೆಯವರಿಗೆ. ಆನ್‌ಲೈನ್ ಮೆಸೇಜು: ಓದಿಲ್ಲ. ಪತ್ರ: ವಿಳಾಸ ಬದಲಾಗಿ ವಾಪಸ್. ಫೋನ್: ಎತ್ತಿಲ್ಲ. ಎತ್ತಿಲ್ಲ. ಎತ್ತಿಲ್ಲ.

ಪ್ರಶಾಂತಣ್ಣ ಬೆಲ್ವ್ಯೂ ಬಿಟ್ಟು ಕರ್ಕ್‌ಲ್ಯಾಂಡಿಗೆ ಬಂದದ್ದು ಡಿಸೆಂಬರಿನಲ್ಲಿ.

ಆಯಿ ಫೋನ್ ಏಕೆ ಎತ್ತುವುದಿಲ್ಲ ಅಂತ ನನಗೆ ಗೊತ್ತು. ಎತ್ತಬೇಡಿ ಅಂತ ಕಲಿಸಿದವಳೇ ನಾನು.

ಮಾರ್ಚ್ 4

ಹೋದ ಬೇಸಿಗೆಯ ಕಥೆ. ಯಾವನೋ ಸರ್ಕಾರದವನು ಅಂತ ಫೋನ್ ಮಾಡಿದ. ಆಯಿ ಪಾಪ, ಇಲ್ಲಿನವರ ಗುರುತಿನ ಸಂಖ್ಯೆಯಾದ ಸೋಷಿಯಲ್ ಸೆಕ್ಯೂರಿಟಿ ನಂಬರಿನ ಅರ್ಧ ಹೇಳಿಬಿಟ್ಟಿದ್ದರು. ಪ್ರಶಾಂತಣ್ಣ ಹೌಹಾರಿ ನನ್ನನ್ನು ಕರೆದ. "ನಮ್ಮ ಮಾತು ಕೇಳೂದಿಲ್ಲ, ನೀ ಹೇಳಿದ್ರ ಕೇಳ್ತಾಳ."

ಹೇಳಿದೆ. ಗೊತ್ತಿಲ್ಲದ ನಂಬರ್ ಎತ್ತಬಾರದು. ಹುಟ್ಟಿದ ತಾರೀಖು ಕೇಳಿದವನು ಕಳ್ಳ, ತಕ್ಷಣ ಕಟ್ ಮಾಡಬೇಕು. ಆಯಿಯ ಫೋನಿನಲ್ಲಿ, ಗೊತ್ತಿಲ್ಲದ ನಂಬರ್ ಬಂದರೆ ಸದ್ದೇ ಆಗದ ಹಾಗೆ ಸೆಟ್ಟಿಂಗ್ ಕೂಡ ಮಾಡಿಕೊಟ್ಟೆ. ಆಮೇಲೆ ಒಂದು ದಿನ ಆ ಸೆಟ್ಟಿಂಗನ್ನು ಸ್ವಲ್ಪ ಹೊತ್ತು ತೆಗೆದು, ಮಧುರಾಳ ಫೋನಿನಿಂದ ದನಿ ಬದಲಿಸಿ ಇಂಗ್ಲಿಷಿನಲ್ಲಿ ಪರೀಕ್ಷೆ ಮಾಡಿದೆ. "ಡೇಟ್ ಆಫ್ ಬರ್ತ್ ಪ್ಲೀಸ್?" ಪಟ್ ಅಂತ ಕಟ್. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಆಯಿ ಫಸ್ಟ್ ಕ್ಲಾಸ್ ಅಂತ ನಾನೇ ಚಪ್ಪಾಳೆ ತಟ್ಟಿದೆ.

ಅತ್ತ ಎತ್ತಬೇಡಿ ಅಂದೆ. ಇತ್ತ ಎತ್ತದವರನ್ನು ತೆಗೆದುಹಾಕಿ ಅಂದೆ.

ಹೇಳಿಬಿಡಬಹುದಲ್ಲ? ಹೇಳಲಾಗುವುದಿಲ್ಲ. ಡೇಟಾ ಕೊಡುವ ಮೊದಲು ಸಹಿ ಹಾಕಿಸಿಕೊಂಡಿದ್ದಾರೆ — ಯಾರು ಅಂತ ಗುರುತಿಸಕೂಡದು, ಗುರುತಿಸಿದರೆ ಸಂಪರ್ಕಿಸಕೂಡದು. ಮೀರಿದರೆ ಎರಡೂ ಡಿಗ್ರಿಯಿಂದ ಹೊರಗೆ. ಹೋದ ವರ್ಷ ಒಬ್ಬ ಹೋದ. ಅವನ ಲಾಕರ್ ಖಾಲಿ ಮಾಡಿಸುವಾಗ ನಾನು ಅಲ್ಲೇ ನಿಂತಿದ್ದೆ.

ಮಾರ್ಚ್ 8, ಭಾನುವಾರ

ಇವತ್ತು ಒಂದೇ ರೊಟ್ಟಿ. ಆಯಿ ಎತ್ತಿದ ಕೈ, ತಟ್ಟೆ, ಸೆರಗು — ಎಲ್ಲ ಬಿಟ್ಟು ಎದೆಯನ್ನೇ ನೋಡುತ್ತಿದ್ದೆ. ಥೂ ನನ್ನ.

ಪ್ರಶಾಂತಣ್ಣನನ್ನು ಗ್ಯಾರೇಜಿನಲ್ಲಿ ಹಿಡಿದೆ. "ಅಣ್ಣಾ, ಆಯಿ ರಿಪೋರ್ಟ್ ಆನ್‌ಲೈನ್ ನೋಡೀರೇನು?"

"ಪಾಸ್‌ವರ್ಡ್ ಮರತೇನಿ ಮಾರಾಯ್ತಿ. ನೋಡ್ತೀನಿ. ಆಫೀಸಿನ್ಯಾಗ ಈ ತಿಂಗಳು ಸಾಫ್ಟ್‌ವೇರ್ ರಿಲೀಸ್ ಐತಿ, ತಲಿ ಎತ್ತಾಕ ಆಗವಲ್ದು."

"ಒಮ್ಮೆ ನೋಡ್ರಲ್ಲ."

"ಯಾಕ, ಏನಾತು?"

ಆಗ ಹೇಳಬೇಕಿತ್ತು. "ಏನಿಲ್ಲ, ಸುಮ್ಮನ ಕೇಳಿದೆ" ಅಂದೆ.

ಅಣ್ಣ ನಕ್ಕ. "ಏನರೆ ಇದ್ರ ಅವರ ಫೋನ್ ಮಾಡ್ತಾರ ಅಂತ ನೀನ ಹೇಳಿದಿ ಅಂತಲ್ಲ! ಅವ್ವ ದಿನಾ ಹೇಳ್ತಾಳ ಅದನ್ನ."

ಮಾರ್ಚ್ 12

ಡಯಾನ್ ಹತ್ತಿರ ಹೋದೆ. ಬಯಾಪ್ಸಿಗೂ ಈ ನಿಯಮ ತಗಲುತ್ತಿದೆ, ತಪ್ಪಾಗಿದೆ, ನನ್ನದೇ ತಪ್ಪು ಅಂದೆ. ಒಳ್ಳೆಯ ಹುಡುಗಿ ಅಂದಳು. ಒಳ್ಳೆಯದನ್ನೇ ಕಂಡುಹಿಡಿದೆ, ಜೂನ್ ಕಮಿಟಿಯಲ್ಲಿಡೋಣ ಅಂದಳು. ಜೂನ್!

ಒಂದು ಸಾಲಂತೂ ತುರ್ತು ಅಂದೆ. ಸಾಲಿನ ನಂಬರ್ ಕೊಟ್ಟೆ. ಅವಳು ಕನ್ನಡಕ ತೆಗೆದಳು. ಇದು ಯಾರು ಅಂತ ನಿನಗೆ ಗೊತ್ತಾ?

ಇಲ್ಲ ಅಂದೆ. ಎಷ್ಟು ಸಲೀಸಾಗಿ ಬಂತು ಬಾಯಿಗೆ.

ಆಮೇಲೆ ರೋಗಿಗಳ ಸುರಕ್ಷತೆಯ ವಿಭಾಗಕ್ಕೆ ನಾನೇ ಒಂದು ದೂರು ಹಾಕಿದೆ. ಸಾಲಿನ ನಂಬರ್ ಮಾತ್ರ. ಹೆಸರು ಅವರ ಕಡೆ ಇರುತ್ತದೆ, ಅವರು ನೋಡಿಕೊಳ್ಳಬಹುದು. ಐದು ಕೆಲಸದ ದಿನದಲ್ಲಿ ಉತ್ತರ ಅಂತ ಬಂತು. ಇದಕ್ಕಿಂತ ಹೆಚ್ಚಿಗೆ ನನ್ನ ಕೈಯಲ್ಲಿ ಏನೂ ಇಲ್ಲ. ಹಾಗಂತ ಹೇಳಿಕೊಳ್ಳುತ್ತಿದ್ದೇನೆ.

ಮಾರ್ಚ್ 22, ಭಾನುವಾರ

ಹೋದ ವಾರ ಹೋಗಲಿಲ್ಲ. ಯುಗಾದಿಗೂ ಪರೀಕ್ಷೆಯ ನೆಪ ಹೇಳಿದೆ. ಆಯಿ ಹೋಳಿಗೆ ಕಟ್ಟಿ ಮಧುರಾಳ ಕೈಯಲ್ಲಿ ಕಳಿಸಿದ್ದರು, ಜೊತೆಗೆ ಕಾಗದದ ಪೊಟ್ಟಣದಲ್ಲಿ ಬೇವು-ಬೆಲ್ಲ. ಮಧುರಾ ಕೇಳಿದಳು, "ಏನಾಗಿದೆ ಕಣೇ ನಿಂಗೆ? ಅವರ ಹೆಸರು ಎತ್ತಿದ್ರೆ ಮುಖ ತಿರುಗಿಸ್ತೀಯ." ಓದು ಜಾಸ್ತಿ ಅಂದೆ.

ಇವತ್ತು ಹೋದೆ. ಫೋಟೋ ತೋರಿಸಿ ಅಂತ ಆಯಿಯ ಫೋನ್ ಈಸಿಕೊಂಡು, ಸದ್ದಾಗದ ಸೆಟ್ಟಿಂಗ್ ತೆಗೆದೆ. ಇನ್ನು ಮೇಲೆ ರಿಂಗ್ ಆಗುತ್ತದೆ. ಫೋನ್ ಸರಿ ಮಾಡುವುದು ತಪ್ಪಲ್ಲವಲ್ಲ? ಸಹಿ ಹಾಕಿದ್ದರಲ್ಲಿ ಫೋನಿನ ಮಾತಿಲ್ಲ.

ಎಷ್ಟು ಸಣ್ಣವಳಾಗಿದ್ದೇನೆ ನಾನು.

ಮಾರ್ಚ್ 31

ದೂರಿಗೆ ಉತ್ತರ ಬಂದಿದೆ, ಐದು ದಿನ ಅಂದದ್ದು ಹತ್ತೊಂಬತ್ತು ದಿನಕ್ಕೆ. ಓದಿದೆ. ಮತ್ತೆ ಓದಿದೆ. ನರ್ಸ್ ಒಬ್ಬರನ್ನು ನೇಮಿಸಲಾಗಿದೆ. ಮೊದಲ ಪ್ರಯತ್ನ: ಎತ್ತಿಲ್ಲ. ಎರಡನೇ ಪ್ರಯತ್ನ: ಎತ್ತಿಲ್ಲ. ಮೂರನೆಯದು, ಕೊನೆಯದು: ಏಪ್ರಿಲ್ 9, ಬೆಳಿಗ್ಗೆ 9ರಿಂದ 12ರೊಳಗೆ. ನಂತರ ದೂರು ಮುಕ್ತಾಯ.

ರಿಂಗ್ ಆಗುತ್ತಿದೆ. ಆದರೂ ಎತ್ತುತ್ತಿಲ್ಲ. ನಾನು ಕಲಿಸಿದ್ದು ಯಾವುದನ್ನೂ ಆಯಿ ಮರೆತಿಲ್ಲ.

ಏಪ್ರಿಲ್ 9ಕ್ಕೆ ಬೋರ್ಡ್. ಬೆಳಿಗ್ಗೆ 10.

ಏಪ್ರಿಲ್ 7

ಅಪ್ಪ ಫೋನ್ ಮಾಡಿ ಪ್ರೆಸೆಂಟೇಷನ್ನಿಗೆ ಹೊಸ ಕೋಟು ತಗೋ ಅಂದರು. ಅಮ್ಮ ಹಿಂದಿನಿಂದ "ದೇವ್ರಿಗೆ ದೀಪ ಹಚ್ಚತೀನಿ" ಅಂದಳು. ಹಚ್ಚು ಅಂದೆ. ಯಾತಕ್ಕೆ ಅಂತ ಹೇಳಲಿಲ್ಲ.

ಏಪ್ರಿಲ್ 9, ಗುರುವಾರ. ಬೆಳಿಗ್ಗೆ 9:40

ಕರ್ಕ್‌ಲ್ಯಾಂಡ್. ಆಯಿಯ ಸೋಫಾ. ಹೊಸ ಕೋಟಿನಲ್ಲೇ ಬಂದಿದ್ದೇನೆ. ಮನೆಯಲ್ಲಿ ನಾವಿಬ್ಬರೇ.

"ಕೋಟ ಹಾಕ್ಕೊಂಡು ಬಂದೀ, ಇವತ್ತ ಡಾಕ್ಟರ್ ಆದೀ ಏನ?" ಅಂತ ದೃಷ್ಟಿ ತೆಗೆದರು. ರಜೆ ಅಂತ ಹೇಳಿದ್ದೇನೆ. ಆಯಿಯ ಫೋನ್ ಟೀಪಾಯ್ ಮೇಲಿದೆ, ಮೆಂತ್ಯದ ಸೊಪ್ಪಿನ ಪಕ್ಕ. ನನ್ನದು ಬ್ಯಾಗಿನಲ್ಲಿ ಗುಂಯ್‌ಗುಡುತ್ತಿದೆ. ಡಯಾನ್ ಇರಬೇಕು. ಎತ್ತುವುದಿಲ್ಲ.

ನರ್ಸ್ ಹೇಳಿದರೆ ಸಾಕು. ನರ್ಸ್ ಬಾಯಿಂದ ಬಂದರೆ ನಾನು ಹೇಳಿದ ಹಾಗಾಗುವುದಿಲ್ಲ. ಅಷ್ಟೇ ಬೇಕಾಗಿರುವುದು, ಎರಡು ನಿಮಿಷದ ಒಂದು ಫೋನ್.

11:25

ಬಂತು. 11:02ಕ್ಕೆ.

ಆಯಿ ನೋಡಿ ಫೋನ್ ಬೋರಲು ಹಾಕಿದರು. "ಕಳ್ಳರು. ಈಗೀಗ ಭಾಳ ಬರಾಕತ್ತಾವ."

"ಎತ್ರಿ ಆಯಿ."

"ಗೊತ್ತಿಲ್ಲದ ನಂಬರ್ ಐತಿ."

"ಎತ್ರಿ. ಕಳ್ಳರಲ್ಲ."

"ನಿನಗ ಹ್ಯಾಂಗ ಗೊತ್ತು?"

ಡಯಾನ್ ಕೇಳಿದ್ದೂ ಇದನ್ನೇ. "ನಾ ಅದೀನಲ್ಲ, ಎತ್ರಿ" ಅಂತ ನಾನೇ ಹಸಿರು ಗುಂಡಿ ಒತ್ತಿ ಸ್ಪೀಕರಿಗೆ ಹಾಕಿದೆ. ಹೆಂಗಸಿನ ದನಿ. ಮೆತ್ತಗೆ, ಒಳ್ಳೆಯ ದನಿ. ಶಾಂತವ್ವ ಅಂತ ಹೆಸರನ್ನು ಕಷ್ಟಪಟ್ಟು ಹೇಳಿದಳು. ಮಾತಾಡುವ ಮೊದಲು ಒಂದು ಖಚಿತ ಮಾಡಿಕೊಳ್ಳಬೇಕು, ಡೇಟ್ ಆಫ್ ಬರ್ತ್ ಪ್ಲೀಸ್?

ಆಯಿ ನನ್ನನ್ನು ನೋಡಿದರು. ಕಣ್ಣು ಮಿಂಚಿತು. ಪಟ್ ಅಂತ ಕಟ್ ಮಾಡಿದರು.

ಆಮೇಲೆ ನಗು. ಹೊಟ್ಟೆ ಹಿಡಿದುಕೊಂಡು ನಗು. "ಪರೀಕ್ಷಾ ಮಾಡಾಕ ಬಂದೀ ಹೌದಿಲ್ಲೊ! ಬೆಳಿಗ್ಗಿಂದ ಕುಂತೀದಿ, ಫೋನ ನೋಡಾಕತ್ತೀದಿ, ನನಗ ತಿಳೀಲಿಲ್ಲ ಅಂದ್ಕೊಂಡೀ? ಹೇಳು, ಪಾಸಾದ್ನಿಲ್ಲೊ?"

ಚಪ್ಪಾಳೆಗೆ ಕಾಯುತ್ತಿದ್ದರು.

ಆ ನಂಬರಿಗೆ ತಿರುಗಿ ಮಾಡಿದೆ. ನಲವತ್ತು ನಿಮಿಷ ಕಾಯಬೇಕು ಅಂತ ಟೇಪು. ಅದರ ಮಾತುಗಳನ್ನು ಬರೆದವಳು ನಾನೇ. ಅಷ್ಟರಲ್ಲಿ ಇಮೇಲ್ ಬಂತು. ರೋಗಿ ಫೋನ್ ಎತ್ತಿದರು, ಮಾತನಾಡಲು ನಿರಾಕರಿಸಿದರು. ದೂರು ಮುಕ್ತಾಯ.

ಆಯಿ ಚಹಾ ಮಾಡುತ್ತಿದ್ದಾರೆ. ಇನ್ನೂ ನಗುತ್ತಲೇ ಇದ್ದಾರೆ, ಒಳಗಿನಿಂದ ಕೇಳುತ್ತಿದೆ. ಶುಂಠಿ ಜಜ್ಜುವ ಸದ್ದು. ಈಗ ಡಯಾನ್ ಇಲ್ಲ, ನರ್ಸ್ ಇಲ್ಲ, ದೂರಿಲ್ಲ. ಇರುವವಳು ನಾನೊಬ್ಬಳು. ಚಹಾ ತಂದು ಕೂತ ಮೇಲೆ ಹೇಳುವುದು. ಮೊದಲು ಫೋನಿನ ವಿಷಯ ಹೇಳಲೋ, ಎದೆಯ ವಿಷಯವೋ. ಅಥವಾ ಮೊದಲು ನನ್ನ ವಿಷಯ. ಕಪ್ಪಿನ ಸದ್ದಾಯಿತು. ಬಂದರು. ಆಯಿ, ನೀವು ಪಾಸಾದ್ರಿ, ಆದ್ರ ನಾನು